ಪ್ರಮೀಳೆಯ ಹರಳು

ಕೈತೊಳೆಯುವ ಕಟ್ಟೆಯ ಮೇಲೆ ಒಂದು ಬೆಳ್ಳಿಯ ಉಂಗುರ. ಪಕ್ಕದಲ್ಲಿ, ನಡುವೆ ಸವೆದು ದೋಣಿಯ ಆಕಾರಕ್ಕೆ ಬಂದ ಸಾಬೂನು. ಅದರಿಂದಿಳಿದ ನೊರೆ ಉಂಗುರದ ಸುತ್ತ ಒಣಗಿ ತೆಳುವಾದ ಬಿಳಿಯ ಗೆರೆಯಾಗಿದೆ. ಹರಳು ಕೆಂಪು. ಆದರೆ ತಗಡಿನ ಮಾಡಿನ ತೂತಿನಿಂದಿಳಿದ ಮಧ್ಯಾಹ್ನದ ಬೆಳಕು ತಾಗಿದ ಒಂದು ಮಗ್ಗುಲಲ್ಲಿ ಮಾತ್ರ ಕೆಂಪು. ಉಳಿದ ಕಡೆ ಹೆಪ್ಪುಗಟ್ಟಿದ ಕಪ್ಪು. ನಲ್ಲಿಯ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂಬಂತೆ ನಿಂತಿದೆ. ಸುತ್ತ ಯಾರೂ ಇಲ್ಲ.

ಅದನ್ನೆತ್ತಿ ಕಿಸೆಗೆ ಹಾಕಿಕೊಂಡೆ. ಯಾರದೆಂದು ನನಗೆ ಗೊತ್ತಿತ್ತು.

ಪುತ್ತೂರಿನ ಆ ಸಭಾಭವನದಲ್ಲಿ ಊಟದ ನಂತರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕುಳಿತಲ್ಲಿಂದಲೇ ಅರ್ಥ ಹೇಳಬೇಕು, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸಬೇಕು. ನನ್ನದು ಅರ್ಜುನ. ನಲವತ್ತು ವರ್ಷಗಳಿಂದ ಅದೇ ಅರ್ಜುನ, ಅದೇ ಗಾಂಡೀವ. ಎತ್ತುವ ಭುಜ ಮಾತ್ರ ಬೇರೆ ಯಾರದ್ದೋ ಎಂಬಂತೆ ನೋಯುತ್ತದೆ. ಎದುರಿಗೆ ಪ್ರಮೀಳೆ: ಸ್ತ್ರೀರಾಜ್ಯದ ರಾಣಿ, ಧರ್ಮರಾಯನ ಯಜ್ಞದ ಕುದುರೆಯನ್ನು ಕಟ್ಟಿಹಾಕಿ ಅರ್ಜುನನನ್ನೇ ಯುದ್ಧಕ್ಕೆ ಕರೆದವಳು. ಆ ಪಾತ್ರ ಹರಿಣಾಕ್ಷಿಯದು.

ಹರಿಣಾಕ್ಷಿ ಗುತ್ತಿಗಾರಿನವಳು. ಬೆಳಗ್ಗೆ ಐದೂವರೆಗೆ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಎರಡು ವರ್ಷ ನನ್ನಲ್ಲಿ ಅರ್ಥ ಹೇಳುವುದನ್ನು ಕಲಿತಳು. ಮೂರು ತಿಂಗಳ ಹಿಂದೆ ನೆಲ್ಯಾಡಿಯಲ್ಲಿ ಇದೇ ಪಾತ್ರಕ್ಕೆ ಮೊದಲ ಸಲ ಕುಳಿತಾಗ, ಕುದುರೆ ಎಲ್ಲಿ ಎಂಬ ಪ್ರಶ್ನೆಗೆ ಅವಳ ಬಾಯಿಂದ ಮನೆಯಲ್ಲಾಡುವ ಅರೆಭಾಷೆ ಜಾರಿಬಿಟ್ಟಿತು: "ನನ್ನ ಲಾಯದಲ್ಲಿ ಉಟ್ಟು." ಉಂಟು ಎನ್ನುವುದಕ್ಕೆ ಅವರಲ್ಲಿ ಹಾಗೆ. "ಕುದುರೆ ಎಂತ ಉಟ್ಟದ್ದು, ಸೀರೆಯಾ?" ಎಂದು ಸಭೆಯಿಂದ ಯಾರೋ ಕೂಗಿದರು. ನಗುವೋ ನಗು. ಆಮೇಲೆ ಅವಳಿಂದ ಒಂದಕ್ಷರ ಹೊರಡಲಿಲ್ಲ. ಗಂಡ ಸುಜಯ್‌ಗೆ ಅವಳೇ ಮಾತು ಕೊಟ್ಟಿದ್ದಳು: ಇನ್ನೊಂದು ಸಲ, ಆಗಲೂ ಬಾಯಿ ಕಟ್ಟಿದರೆ ಮತ್ತೆ ವೇದಿಕೆ ಹತ್ತುವುದಿಲ್ಲ. ಆ ಇನ್ನೊಂದು ಸಲ ಇವತ್ತು.

ಊಟಕ್ಕೆ ಮೊದಲು ಅವಳ ಬೆರಳಿನ ಉಂಗುರ ಕಂಡು ಕೇಳಿದ್ದೆ: "ಎಂತ ಅದು?"

"ಟೈಲರ್ ಜಿನು ಕೊಟ್ಟದ್ದು ಮಾಷ್ಟ್ರೆ. ಧೈರ್ಯಕ್ಕೆ, ವಾಕ್‌ಶಕ್ತಿಗೆ. ಇದು ಹಾಕಿದ ಹೆಂಗಸನ್ನು ಎದುರಿನವರಿಗೆ ಸೋಲಿಸ್ಲಿಕ್ಕೆ ಆಗುದಿಲ್ಲವಂತೆ. ಜೊತೆಗೆ ಬಂದ ಚೀಟಿಯಲ್ಲಿ ಬರ್ದಿದ್ದಾರೆ."

"ಮಾಣಿಕ್ಯ ಅಲ್ಲ ಮಾರಾಯ್ತಿ. ನಮ್ಮ ಗುಡ್ಡದಲ್ಲಿ ಸಿಗುವ ಹರಳುಕಲ್ಲು."

"ನಾನೂ ಗುಡ್ಡದವಳೇ ಅಲ್ವಾ ಮಾಷ್ಟ್ರೆ?"

ಭಾಗವತಿಕೆಯ ವಸುಮತಿ ತಾಳ ಒರೆಸುತ್ತಿದ್ದವಳು ನಕ್ಕಳು. "ಅರ್ಜುನ ಮೊದ್ಲು ಇದಕ್ಕೆ ಉತ್ತರ ಕೊಡ್ಲಿ."

ಕೊಡಲಿಲ್ಲ. ಊಟದ ನಂತರ ಸಿಕ್ಕಿದ ಉಂಗುರವನ್ನೂ ಕೊಡಲಿಲ್ಲ. ಕಲ್ಲಿನ ಮೇಲೆ ನಂಬಿಕೆ ಬೇಡವೆಂದು ಕಲಿಸಲಿಕ್ಕೆ ಎಂದುಕೊಂಡೆ; ಎಪ್ಪತ್ತಮೂರನೆಯ ವಯಸ್ಸಿಗೆ ಬರುವಷ್ಟರಲ್ಲಿ ಮನುಷ್ಯ ತನ್ನ ಸಣ್ಣತನಗಳಿಗೆ ಒಳ್ಳೆಯ ಹೆಸರು ಹುಡುಕುವುದರಲ್ಲಿ ನುರಿತಿರುತ್ತಾನೆ. ಇನ್ನೊಂದನ್ನೂ ನಾನು ಬಚ್ಚಿಟ್ಟುಕೊಂಡಿದ್ದೆ. ಪ್ರಮೀಳೆಗೆ ಯಾರು ಏನು ಕೇಳಬಹುದೆಂದು ಎಲ್ಲವನ್ನೂ ಕಲಿಸಿ, ಒಂದು ಪ್ರಶ್ನೆಯನ್ನು ಮಾತ್ರ ಹೇಳಿರಲಿಲ್ಲ. ನನಗೆ ಕಲಿಸಿದವರೂ ಹಾಗೆಯೇ ಮಾಡಿದ್ದರು.

ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಸೆರಗು ಸರಿಪಡಿಸಲೆಂದು ಕೈ ಎತ್ತಿದಾಗ ಅವಳ ದೃಷ್ಟಿ ಬರಿಯ ಬೆರಳಿನ ಮೇಲೆ ಬಿತ್ತು. ಹೆಬ್ಬೆರಳು ಉಂಗುರವಿದ್ದ ಜಾಗವನ್ನು ತಡವಿತು. ಅದೇ ಹೊತ್ತಿಗೆ, ಎದುರಾಳಿ ತಡವರಿಸಿದಲ್ಲಿ ಬಾಣ ಬಿಡುವ ಹಳೆಯ ಚಾಳಿಯಿಂದ, ಆ ಪ್ರಶ್ನೆ ನನ್ನ ಬಾಯಿಂದ ಹೊರಟಿತು.

"ಎಲೌ ರಾಣಿ, ನಿನ್ನ ಹೆಸರಿನ ಅರ್ಥ ಬಲ್ಲೆಯಾ? ಪ್ರಮೀಲಾ ಎಂದರೆ ಕಣ್ಣು ಮುಚ್ಚಿಹೋಗುವುದು, ತೂಕಡಿಕೆ, ದಣಿವು. ನಾನೋ ಗುಡಾಕೇಶ, ನಿದ್ದೆಯನ್ನು ಗೆದ್ದವನು. ತೂಕಡಿಕೆಯೊಂದು ನಿದ್ದೆ ಗೆದ್ದವನ ಕುದುರೆಯನ್ನು ಕಟ್ಟುವುದುಂಟೇ?"

ಸಭೆ ಚಪ್ಪಾಳೆ ತಟ್ಟಿತು. ಮದ್ದಳೆಯವರು ಬೆರಳುಗಳನ್ನು ಚರ್ಮದ ಮೇಲೆ ಇಟ್ಟು ಕಾದರು. ಕಿಸೆಯಲ್ಲಿ ಆ ಪುಟ್ಟ ಕಲ್ಲು ನನ್ನ ತೊಡೆಗೆ ಒತ್ತುತ್ತಿತ್ತು. ವಸುಮತಿ ಅವಳನ್ನು ಉಳಿಸಲೆಂದು ಮುಂದಿನ ಪದ್ಯಕ್ಕೆ ತಾಳ ಎತ್ತಿದಳು. ಹರಿಣಾಕ್ಷಿ ಕೈಯನ್ನು ಸ್ವಲ್ಪವೇ ಅಡ್ಡ ಹಿಡಿದಳು.

"ಪಾರ್ಥಾ," ಎಂದಳು. ಧ್ವನಿ ಸಣ್ಣದಿತ್ತು. "ನಿದ್ದೆ ಗೆದ್ದರೆ ಬಿರುದು ಸಿಗುತ್ತದೆಂದು ಇವತ್ತು ತಿಳಿಯಿತು. ನನ್ನ ರಾಜ್ಯದಲ್ಲಿ ರೋಗಿಯ ಮಗ್ಗುಲು ಬದಲಿಸುವವಳು ನಿದ್ದೆ ಗೆದ್ದಿದ್ದಾಳೆ. ಮೊಲೆಯೂಡಿಸುವವಳು ಗೆದ್ದಿದ್ದಾಳೆ. ಕೋಳಿ ಕೂಗುವ ಮೊದಲೇ ಹಾಲು ಕರೆಯಲು ಹಟ್ಟಿಗೆ ಹೋಗುವವಳು ಗೆದ್ದಿದ್ದಾಳೆ. ಅವರನ್ನು ಯಾರೂ ಗುಡಾಕೇಶಿ ಎಂದು ಕರೆದದ್ದಿಲ್ಲ."

ಹೆಂಗಸರ ಸಾಲಿನಿಂದ ನಗು ಎದ್ದಿತು. ಈ ಸಲದ ನಗು ಬೇರೆ. ಅವಳು ಕುತ್ತಿಗೆ ನೆಟ್ಟಗೆ ಮಾಡಿದಳು.

"ಹೌದು, ನನ್ನ ಹೆಸರು ದಣಿವು. ಅವರೆಲ್ಲರ ದಣಿವಿಗೆ ಕಿರೀಟವಿಟ್ಟು ರಾಣಿ ಎಂದರು. ಈಗ ನೀನು ಹೇಳು. ಮಗನನ್ನು ಯುದ್ಧಕ್ಕೆ ಕೊಟ್ಟೆ, ಅಜ್ಜನನ್ನು ಬಾಣದ ಮೇಲೆ ಮಲಗಿಸಿದೆ, ಈಗ ಅಣ್ಣನ ಕುದುರೆಯ ಹಿಂದೆ ಭೂಮಿ ಸುತ್ತುತ್ತಿದ್ದೀಯೆ. ನಿದ್ದೆ ಗೆದ್ದೆ, ಒಪ್ಪಿದೆ. ದಣಿವನ್ನು ಗೆದ್ದೆಯಾ? ಇಲ್ಲವಾದರೆ ನೀನು ಆಗಲೇ ನನ್ನ ಪ್ರಜೆ."

ಇದಕ್ಕೆ ಉತ್ತರಗಳಿದ್ದವು. ಶ್ಲೋಕವಿತ್ತು, ವ್ಯಾಕರಣವಿತ್ತು, ಸಭೆಯನ್ನು ಮತ್ತೆ ನನ್ನ ಕಡೆ ತಿರುಗಿಸುವ ಒಂದು ತಮಾಷೆಯೂ ಇತ್ತು. ಯಾವುದನ್ನೂ ಎತ್ತುವ ಮನಸ್ಸಾಗಲಿಲ್ಲ. ನಲವತ್ತು ವರ್ಷಗಳ ದಣಿವು ನಾಲಗೆಯವರೆಗೂ ಬಂದು ಕುಳಿತಿತ್ತು.

"ಗೆಲ್ಲಲಿಲ್ಲ ದೇವೀ," ಎಂದೆ. ಅದು ಅರ್ಜುನನ ಮಾತೆಂದೇ ಸಭೆ ತಿಳಿಯಿತು. ವಸುಮತಿ ತಡಮಾಡದೆ ಮುಂದಿನ ಪದ್ಯ ಎತ್ತಿಕೊಂಡಳು.

ಮಂಗಳ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಉಂಗುರವನ್ನು ಅವಳ ಮುಂದೆ ಹಿಡಿದೆ.

"ಅಯ್ಯೋ! ಎಲ್ಲಿ ಸಿಕ್ಕಿತು?"

"ಕೈತೊಳೆಯುವಲ್ಲಿ. ಊಟ ಆದ ಕೂಡ್ಲೇ."

ಅವಳು ನನ್ನನ್ನೇ ನೋಡಿದಳು. "ಅಷ್ಟೂ ಹೊತ್ತು ನಿಮ್ಮ ಕಿಸೆಯಲ್ಲಿ ಇತ್ತಾ?"

"ಇತ್ತು. ತಪ್ಪಾಯ್ತು."

"ತಪ್ಪು ಹೌದು," ಎಂದಳು, ನಗದೆ. ಉಂಗುರದ ಸಾಬೂನಿನ ಕಲೆಯನ್ನು ಸೆರಗಿನಿಂದ ಒರೆಸಿ ಬೆರಳಿಗೆ ಹಾಕಿಕೊಂಡಳು. ಆಮೇಲೆ ನಗು ಬಂತು. "ಜಿನುವಿಗೆ ಹೇಳ್ಬೇಕು. ಕಿಸೆಯಲ್ಲಿ ಅಡಗಿಸಿಟ್ಟವರ ಬಾಯಿ ಕಟ್ಟುತ್ತದೆ ಅಂತ ಚೀಟಿಯಲ್ಲಿ ಇರ್ಲಿಲ್ಲ."

"ಸುಜಯ್‌ಗೆ ಎಂತ ಹೇಳ್ತೀ?"

"ಮುಂದಿನ ತಿಂಗಳು ಕಡಬದಲ್ಲಿ ಪ್ರಮೀಳೆ ನಾನೇ ಅಂತ. ನಾನು ಒಪ್ಪಿ ಆಯ್ತು. ನೀವು ಬರುದಲ್ವಾ ಮಾಷ್ಟ್ರೆ?"

"ನೋಡುವ. ಸ್ವಲ್ಪ ಕೂತು ಹೋಗು, ದಣಿದಿದ್ದಿ."

"ಎಲ್ಲಿ ಕೂರುದು! ಅತ್ತೆಗೆ ಏಳು ಗಂಟೆಯ ಮದ್ದು ಉಟ್ಟು."

ಪದ ಬಾಯಿಂದ ಬಿದ್ದದ್ದು ಅವಳಿಗೂ ಕೇಳಿಸಿತು. ತಿದ್ದಿಕೊಳ್ಳಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿ, ಬಸ್ಸಿನ ಸಮಯವನ್ನು ಬಾಯಲ್ಲೇ ಗುಣುಗುಣಿಸುತ್ತ ಹೊರಟಳು. ಸ್ಪ್ರಿಂಗಿನ ಬಾಗಿಲು ಅವಳ ಹಿಂದೆ ನಿಧಾನವಾಗಿ ಬಂದು ಮುಚ್ಚಿಕೊಂಡಿತು.