ಸೋಮವಾರದ ಬೀಜ

ಯಶ್ಮಿತಾ ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದಳು. ಗೇರುಬೀಜದ ಸಿಪ್ಪೆ ಬಲು ಹಟಮಾರಿ. ಹಲಗೆಯ ಸಂದಿಯಲ್ಲಿ ಕೂತಿತೆಂದರೆ ಉಗುರು ಹಾಕಿಯೇ ಕೀಳಬೇಕು. ಅವಳೂ ಸೇರಿ ಮೂವತ್ತು ಹೆಂಗಸರು ಅದೇ ಕೆಲಸದಲ್ಲಿದ್ದರು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಬೇರೆ ದಿನವಾದರೆ ಆ ಸುಲಿಯುವ ಕೋಣೆಯ ಗಲಾಟೆ ಗೇಟಿನವರೆಗೆ ಕೇಳುತ್ತಿತ್ತು. ಇವತ್ತು ಮಣಿಪಾಲದಿಂದ ಮೇಡಂ ಬರುವವರಿದ್ದರು. "ಸದ್ದು ಬೇಡ. ಕೇಳಿದ್ದಕ್ಕೆ ಒಳ್ಳೆಯದನ್ನೇ ಹೇಳಿ" ಎಂದು ಧಣಿ ಬೆಳಿಗ್ಗೆಯೇ ಅಪ್ಪಣೆ ಕೊಟ್ಟು ಹೋಗಿದ್ದರು.

ಧಣಿ ಎಂದರೆ ದೇವದಾಸ ಕಾಮತರು. ಕಾರ್ಕಳ ಪೇಟೆಯಿಂದ ಸ್ವಲ್ಪ ಆಚೆ ಅವರ ಬೀಜದ ಫ್ಯಾಕ್ಟರಿ. ಒಂದು ಕಾಲದಲ್ಲಿ ಅರವತ್ತು ಮೇಜು ತುಂಬುತ್ತಿದ್ದವು. ಈಗ ಸಿಪ್ಪೆ ಸುಲಿಯಲು ಹೊಸಬರು ಬರುವುದೇ ಇಲ್ಲ, ಅರ್ಧಕ್ಕರ್ಧ ಖಾಲಿ. ಅಷ್ಟರಲ್ಲಿ ಮಣಿಪಾಲದ ಒಂದು ಸಂಸ್ಥೆಯವರು ಸಿಪ್ಪೆ ಬಿಡಿಸುವ ಹೊಸ ಮೆಷಿನ್ ಮಾಡಿದ್ದಾರೆ, ಒಂದು ವರ್ಷ ಪರೀಕ್ಷೆಗೆ ಪುಕ್ಕಟೆ ಕೊಡುತ್ತಾರೆ ಎಂಬ ಸುದ್ದಿ ಬಂತು. ಪಟ್ಟಿಯಲ್ಲಿ ಮೂರು ಫ್ಯಾಕ್ಟರಿ: ಕಾಪುವಿನದೊಂದು, ಉಡುಪಿ ಕಡೆಯದೊಂದು, ಕಾಮತರದೊಂದು. ಹೊಸದಕ್ಕೆ ಯಾರು ಎಷ್ಟು ತಯಾರಿದ್ದಾರೆ ಎಂದು ಅಳೆದು ನೋಡಿ ಒಬ್ಬರಿಗೆ ಕೊಡುವುದು.

ಆ ಮೆಷಿನ್ ಮೇಲೆ ಯಶ್ಮಿತಾಳಿಗೆ ಆಸೆ ಹುಟ್ಟಿತ್ತು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ಮೇಜಿನ ಮುಂದೆ ಕೂತವಳಿಗೆ ಈಗ ಇಪ್ಪತ್ತೆರಡು. ಮೆಷಿನ್ ಬರಬೇಕು, ಅದನ್ನು ನಡೆಸಲು ತಾನು ಕಲಿಯಬೇಕು. ಇದನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಅವಳಿಗೆ ನೋಡುವುದು ಗೊತ್ತು, ಆಡುವುದು ಕಷ್ಟ.

ಹತ್ತು ಗಂಟೆಗೆ ತನ್ವಿ ಮೇಡಂ ಬಂದರು. ಯಶ್ಮಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೈಯಲ್ಲಿ ಒಂದು ಟ್ಯಾಬ್, ಅದರಲ್ಲಿ ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಮೊದಲು ಸಿಕ್ಕಿದ್ದು ಎಲ್ಲರಿಗಿಂತ ಹಳೆಯವಳಾದ ಕುಶಲಕ್ಕ.

"ಇಲ್ಲಿ ನಿಮ್ಮ ಮಾತನ್ನು..."

"ಐದು ಹಾಕಿ ಮೇಡಂ."

"ಪ್ರಶ್ನೆ ಮುಗಿಯಲಿಲ್ಲ ಅಕ್ಕ."

"ಮುಗಿಯಬೇಕೂಂತ ಇಲ್ಲ. ಇಷ್ಟು ಬಿಸಿಲಿಗೆ ಬಂದಿದ್ದೀರಿ. ನಿಮ್ಮನ್ನು ಮೂರು, ನಾಲ್ಕು ಕೊಟ್ಟು ಕಳಿಸಿದರೆ ನಮ್ಮ ಮರ್ಯಾದೆ ಎಂತ ಆಗಬೇಕು?"

ಇಡೀ ಕೋಣೆಯೇ ನಕ್ಕಿತು. ಮೇಡಂ ಕೂಡ ನಕ್ಕರು. "ಸರಿ. ಇಲ್ಲಿ ಹೊಸದೇನಾದರೂ ಮಾಡಲು ಹೋಗಿ ಕೆಟ್ಟದ್ದುಂಟಾ?"

"ಛೆ ಛೆ! ಇಲ್ಲಿ ಎಂತದೂ ಕೆಡುವುದಿಲ್ಲ."

ಕುಶಲಕ್ಕ ಹಾಕಿದ ದಾರಿಯಲ್ಲಿ ಉಳಿದವರೂ ನಡೆದರು. ಐದು, ಐದು, ಐದು. ಯಶ್ಮಿತಾಳ ಸರದಿ ಬಂದಾಗ ಅವಳ ಬಾಯಿಂದಲೂ ಐದೇ ಬಿತ್ತು. ಮೇಡಂ ನಗು ಆಗಲೇ ಆರಿಹೋಗಿದ್ದನ್ನು ಅವಳೊಬ್ಬಳೇ ಗಮನಿಸಿದಳು.

ಮಧ್ಯಾಹ್ನ ಆಫೀಸು ಕೋಣೆಗೆ ಮಜ್ಜಿಗೆ ತೆಗೆದುಕೊಂಡು ಹೋದವಳು ಅವಳೇ.

"ಎಲ್ಲದಕ್ಕೂ ಐದು ಅಂದರೆ ಫಸ್ಟ್ ರ‍್ಯಾಂಕ್ ಅಲ್ವಾ ಮೇಡಂ?" ಕಾಮತರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದರು.

"ಅಲ್ಲ ಸರ್. ಮೂವತ್ತು ಜನ ಒಂದೇ ಬಾಯಲ್ಲಿ ಐದು ಹೇಳಿದರೆ, ಇಲ್ಲಿ ಯಾರೂ ಮನಸ್ಸಿನ ಮಾತು ಹೇಳುವುದಿಲ್ಲ ಎಂದು ಅರ್ಥ. ಕಾಪುವಿನವರು ತಾವು ಎಲ್ಲೆಲ್ಲಿ ಸೋತೆವು ಎಂದು ಎರಡು ಪುಟ ಬರೆಸಿದ್ದಾರೆ. ನಿಮ್ಮಲ್ಲಿ ಸೋತದ್ದೇ ಇಲ್ಲವಂತೆ. ಹಾಗಾದರೆ ಹೊಸದಕ್ಕೆ ಕೈ ಹಾಕಿಯೇ ಇಲ್ಲ ಎಂದು ನಾನು ಬರೆಯಬೇಕಾಗುತ್ತದೆ."

ಕಾಮತರು ಕಿಟಕಿಯಾಚೆ ಕಣ್ಣು ಹಾಯಿಸಿದರು. ಅವರು ಯಾವ ಮಾತನ್ನು ನುಂಗಿಕೊಂಡರು ಎಂದು ಯಶ್ಮಿತಾಳಿಗೆ ಗೊತ್ತಿತ್ತು. ಮೆಷಿನ್ ಕಾಪುವಿಗೆ ಹೋಗುತ್ತದೆ ಎಂಬುದೂ ಗೊತ್ತಾಯಿತು. ಲೋಟ ಕೆಳಗಿಟ್ಟಳು.

"ಹಿಂದಿನ ಶೆಡ್ಡಿನಲ್ಲಿ ಒಂದು ಮೆಷಿನ್ ಉಂಟು ಮೇಡಂ. ಎರಡು ವರ್ಷದ ಹಿಂದಿನದ್ದು. ಸರಿಯಾಗಲಿಲ್ಲ."

ಆ ಮೆಷಿನ್ ಹೆಸರನ್ನು ಧಣಿಯ ಎದುರು ಯಾರೂ ಎತ್ತುತ್ತಿರಲಿಲ್ಲ. ಮೂರೇ ವಾರ ನಡೆದು ಬೀಜವನ್ನೆಲ್ಲ ತುಂಡು ಮಾಡಿ, ಟಾರ್ಪಾಲು ಹೊದ್ದು ಮಲಗಿದ ಮೆಷಿನ್ ಅದು. ಕಾಮತರ ಕಿವಿ ಕೆಂಪಾಯಿತು. ಮೇಡಂ ಮಾತ್ರ ಆಗಲೇ ಎದ್ದು ನಿಂತಿದ್ದರು. "ತೋರಿಸಿ."

ಶೆಡ್ಡಿನಲ್ಲಿ ಟಾರ್ಪಾಲು ಎಳೆದಾಗ ಧೂಳು ಎದ್ದಿತು. ಇದೇನು ನಡೆಯುತ್ತಿದೆ ಎಂದು ನೋಡಲು ಕುಶಲಕ್ಕ ಬಾಗಿಲಿಗೆ ಬಂದು ನಿಂತಳು.

"ಇದು ಪೊಟ್ಟು ಮೆಷಿನ್ ಮೇಡಂ, ಕೆಲಸಕ್ಕೆ ಬಾರದ್ದು" ಎಂದರು ಕಾಮತರು. "ಮುಟ್ಟಿದ್ದೆಲ್ಲ ತುಂಡು."

"ಸೋಮವಾರ ಅಷ್ಟು ತುಂಡು ಮಾಡುತ್ತಿರಲಿಲ್ಲ" ಎಂದಳು ಯಶ್ಮಿತಾ.

"ಎಂತ?"

"ಮೆಷಿನ್ ಬಾಯಿಯ ಹತ್ತಿರ ಕೂತು ತುಂಡು ಆರಿಸುತ್ತಿದ್ದದ್ದು ನಾನು. ಬೇರೆ ದಿನ ಮೂರು ಬೋಗುಣಿ ತುಂಬುತ್ತಿತ್ತು, ಸೋಮವಾರ ಅರ್ಧ ಬೋಗುಣಿ. ಮೂರು ಸೋಮವಾರವೂ ಹಾಗೆಯೇ. ಬೇರೆ ದಿನ ಬೋರ್ಮ ಒಲೆಯಲ್ಲಿ ಒಣಗಿಸಿದ ಬೀಜವನ್ನು ಬಿಸಿಬಿಸಿಯೇ ತಂದು ಸುರಿಯುತ್ತಿದ್ದರು. ಶನಿವಾರ ಒಣಗಿಸಿದ್ದು ಭಾನುವಾರ ಇಡೀ ಹಾಗೇ ಇರುತ್ತಿತ್ತು, ಗಾಳಿ ತಾಗುತ್ತಿತ್ತು. ಈಗಷ್ಟೇ ಕರಿದ ಹಪ್ಪಳ ಮುಟ್ಟಿದರೆ ಪುಡಿಯಾಗುತ್ತದಲ್ವಾ? ಇದೂ ಹಾಗೆಯೇ. ಮೆಷಿನ್ ಕೆಟ್ಟದ್ದಲ್ಲ. ನಮಗೆ ಅವಸರ ಇತ್ತು, ಅಷ್ಟೇ."

ಇಷ್ಟುದ್ದ ಮಾತನ್ನು ಅವಳು ಆ ಫ್ಯಾಕ್ಟರಿಯಲ್ಲಿ ಎಂದೂ ಆಡಿರಲಿಲ್ಲ. ಮೇಡಂ ಟ್ಯಾಬಿನಲ್ಲಿ ಬೆರಳು ಓಡಿಸುತ್ತಲೇ ಇದ್ದರು.

"ಬಿಸಿ ಬೀಜ ಒಡೆಯುತ್ತದೆ ಅಂತ ನಮಗೆಲ್ಲ ಗೊತ್ತುಂಟು" ಎಂದಳು ಕುಶಲಕ್ಕ. "ಕೈಯಲ್ಲಿ ಸುಲಿಯುವಾಗಲೂ ತಣಿಸಿಯೇ ಸುಲಿಯುವುದು."

"ಗೊತ್ತಿದ್ದರೆ ಅವತ್ತೇ ಹೇಳಲಿಕ್ಕೆ ಎಂತ ರೋಗ ನಿಮಗೆ?"

"ನೀವು ಕೇಳಲಿಲ್ಲ ಧಣಿ. ಇವತ್ತು ಕೇಳಿದರು, ಐದು ಕೊಟ್ಟೆವು. ಅದೂ ಸಾಲದಂತೆ."

ಮೇಡಂ ನಗು ತಡೆದುಕೊಂಡು ಯಶ್ಮಿತಾಳ ಕಡೆ ತಿರುಗಿದರು. "ಇಪ್ಪತ್ತೂ ಪ್ರಶ್ನೆ ಮತ್ತೆ ಕೇಳುತ್ತೇನೆ. ನಿಮಗೆ ಕಂಡದ್ದನ್ನೇ ಹೇಳಿ."

ಈ ಸಲ ಮೂರು ಬಂತು, ಎರಡು ಬಂತು, ಒಂದೆರಡು ಕಡೆ ನಾಲ್ಕೂ ಬಂತು.

"ಇಲ್ಲಿ ನಿಮ್ಮ ಮಾತನ್ನು ಕೇಳುತ್ತಾರಾ?"

"ಒಂದು" ಎಂದಳು. ಧಣಿಯ ಮುಖ ನೋಡಿ ಸೇರಿಸಿದಳು: "ಇವತ್ತು ಎರಡು."

ಕಾಮತರು ಗದರುತ್ತಾರೆ ಎಂದುಕೊಂಡಳು. ಗದರಲಿಲ್ಲ. ಮೆಷಿನ್ ಮೇಲಿನ ಧೂಳನ್ನು ಅಂಗೈಯಿಂದ ನಿಧಾನವಾಗಿ ಒರೆಸಿ, "ಮೂರು ಸೋಮವಾರವೂ?" ಎಂದು ಕೇಳಿದರು.

"ಮೂರೂ."

"ಇದು ಲೆಕ್ಕಕ್ಕೆ ಬರುತ್ತದೆ ಸರ್" ಎಂದರು ಮೇಡಂ. "ಕಾಪುವಿನವರ ಎರಡು ಪುಟದಲ್ಲಿ ಸೋತದ್ದು ಉಂಟು, ಯಾಕೆ ಸೋತದ್ದು ಅಂತ ಇಲ್ಲ. ನಾನು ನಿಮ್ಮ ಫ್ಯಾಕ್ಟರಿಯ ಹೆಸರನ್ನೇ ಬರೆಯುತ್ತೇನೆ. ಇನ್ನೊಂದೇ ಸಾಲು ಬಾಕಿ. ಹೊಸ ಮೆಷಿನ್ ನಡೆಸುವವರು ಯಾರು? ಅವರಿಗೆ ಮಣಿಪಾಲದಲ್ಲಿ ಒಂದು ತಿಂಗಳು ಕಲಿಸುತ್ತೇವೆ."

ಕಾಮತರ ಮುಖ ಅರಳಿತು. "ಅದಕ್ಕೆಂತ! ಉಡುಪಿಯಿಂದ ಐಟಿಐ ಕಲಿತ ಇಬ್ಬರನ್ನು ತರುವ."

ಮೇಡಂ ಬೆರಳು ಪರದೆಯ ಮೇಲೆ ಇಳಿಯಿತು. ಯಶ್ಮಿತಾ ಒಂದು ಹೆಜ್ಜೆ ಮುಂದೆ ಬಂದಳು.

"ಧಣಿ, ನನ್ನನ್ನು ಕಳಿಸಿ. ಮೆಷಿನ್ ನಡೆಸಲು ನಾನು ಕಲಿಯುತ್ತೇನೆ."

ಕಾಮತರು ಮೇಡಂ ಕಡೆ ನೋಡಿದರು. ಮೇಡಂ ಕಾಮತರ ಕಡೆ ನೋಡಿದರು. ಪರದೆಯ ಮೇಲಿನ ಆ ಸಾಲು ಇನ್ನೂ ಖಾಲಿಯಿತ್ತು.

"ನನ್ನನ್ನು ಕಳಿಸಿ" ಎಂದಳು ಯಶ್ಮಿತಾ ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ.