ಕುರಿಯ ಕಿವಿ

"ಅಪ್ಪ ಇನ್ನೂ ಉಸಿರಾಡ್ತಾವ್ನೆ, ನೀನು ಕುರಿತಲೆಗೆ ಚೂರಿ ಹಾಕಿದ್ದೀಯಲ್ಲೋ ಬೋಳಿಮಗನೆ!"

ಕಲ್ಮೂರ್ಜಾ ಧಣಿ ತನ್ನ ಫೋನನ್ನು ಎಸೆಂಗಲಿಯ ಮೂಗಿಗೆ ಹಿಡಿದ. ಅದರಲ್ಲಿ ಎಸೆಂಗಲಿ, ಪಕ್ಷದ ಔತಣದಲ್ಲಿ, ಬೆಂದ ಕುರಿತಲೆಯ ಕಿವಿ ಕೊಯ್ಯುತ್ತ ಮದುವೆಗಂಡಿನಂತೆ ಹಲ್ಲು ಬಿಟ್ಟುಕೊಂಡು ಕೂತಿದ್ದ. ಪಕ್ಕದ ಚಿತ್ರದಲ್ಲಿ ಶಿಮ್ಕೆಂಟ್ ಸಂತೆಯಲ್ಲಿ ಈರುಳ್ಳಿ ಮೂಟೆಯ ಗಾಡಿ ತಳ್ಳುವ ಅವನಪ್ಪ, ಮುದುಕ ತೊಲಿಬಾಯ್. ಕೆಳಗೆ ಯಾರೋ ಬರೆದಿದ್ದರು: 'ಜೀವಂತ ಅಪ್ಪನನ್ನು ತಿಂದ ನಾಯಕ.'

ಅಲ್ಲಿಯ ಪದ್ಧತಿಯಲ್ಲಿ ಅಪ್ಪ ಬದುಕಿರುವವನು ಕುರಿತಲೆ ಕೊಯ್ಯಬಾರದು, ಹಿರಿಯರ ಕಡೆ ಸರಿಸಬೇಕು; ಕೊಯ್ದರೆ ಅಪ್ಪ ಸತ್ತ ಎಂದರ್ಥ. ಮೊಲೆ ಬಿಡದ ಕೂಸಿಗೂ ಗೊತ್ತಿದ್ದ ಮಾತು. ಆದರೆ ಸರಿಸಿದ್ದರೆ "ನಿಮ್ಮ ತಂದೆ ಯಾರು?" ಎಂದು ಯಾರಾದರೂ ಕೇಳುತ್ತಿದ್ದರು. ಗಾಡಿ ತಳ್ಳುವ ಅಪ್ಪನನ್ನು ಬಾಯಲ್ಲಿ ಹೇಳುವುದಕ್ಕಿಂತ ಚೂರಿಯಲ್ಲಿ ಕೊಲ್ಲುವುದು ಅವನಿಗೆ ಸುಲಭವಾಗಿತ್ತು. ಭೇಷ್, ನಾಯಕ!

ಧಣಿಯ ಸಭೆಗಳಿಗೆ ಗಾಡಿಯವರನ್ನು ಕುರಿಮಂದೆಯಂತೆ ಹೊಡೆದು ತರುವುದು ಅವನ ಕೆಲಸ. ಅವನು ಬಿಳಿ ಟೊಪ್ಪಿ ಎತ್ತಿದರೆ ಅವರು ಚಪ್ಪಾಳೆ ತಟ್ಟಬೇಕು. ಆ ಟೊಪ್ಪಿಯ ಬಲದಿಂದಲೇ ಸಂತೆ ವಾರ್ಡಿನ ಪಕ್ಷದ ಅಧ್ಯಕ್ಷಗಿರಿಗೆ ನಿಂತಿದ್ದ.

"ಮಧ್ಯಾಹ್ನ ಆ ಮುದುಕ ಮೈಕಿನ ಮುಂದೆ 'ಇವ ನನ್ನ ಮಗ ಅಲ್ಲ' ಅನ್ಬೇಕು," ಎಂದ ಧಣಿ. "ಹಂಗಂದ್ರೆ ನಿಂಗೆ ಕುರ್ಚಿ. ಇಲ್ದಿದ್ರೆ ಹೋಗಿ ಗಾಡಿ ತಳ್ಳು."

ತೊಲಿಬಾಯ್ ಮೂಟೆಗೆ ಒರಗಿ ರೊಟ್ಟಿ ಅಗಿಯುತ್ತಿದ್ದ. ಮಗನನ್ನು ಕಂಡು ನಕ್ಕ.

"ಬಾರಪ್ಪ ದೊಡ್ಡಮನುಷ್ಯ. ಹೆಂಗಿತ್ಲಾ ನನ್ ತಲೆ? ಉಪ್ಪು ಸರಿಯಿತ್ತಾ?"

ಎಸೆಂಗಲಿ ತೊದಲುತ್ತ ವಿಷಯ ಹೇಳಿದ. ಮುದುಕ ಉಳಿದ ರೊಟ್ಟಿಯನ್ನು ಬಟ್ಟೆಗೆ ಸುತ್ತಿಟ್ಟ.

"ಆಯ್ತು ಬಿಡು, ಅಂತೀನಿ. ನಿನ್ನ ಬುದ್ಧಿ ನೋಡಿ ನಿಮ್ಮವ್ವನ ಹತ್ರ ನಾನೇ ಎಷ್ಟ್ ಸಲ ಕೇಳಿವ್ನಿ, ಇವ ನಂದೇ ಏನೇ ಅಂತ."

ಸಭಾಂಗಣದ ಬಾಗಿಲಲ್ಲಿ ಕಾವಲಿನವನು ಮುದುಕನ ಬೂಟು ಬಿಚ್ಚಿಸಿದ. "ಧಣೇರ ಜಮಖಾನೆ ಹೊಲಸಾಯ್ತದೆ." ಹೆಬ್ಬೆರಳು ಇಣುಕುವ ಕಾಲುಚೀಲದಲ್ಲೇ ತೊಲಿಬಾಯ್ ವೇದಿಕೆ ಹತ್ತಿದ.

"ಲೇ ಮುದುಕ, ಬೇಗ ಬೊಗಳು," ಎಂದ ಧಣಿ, ಮೈಕಿನಿಂದ ಮುಖ ತಿರುಗಿಸಿ.

"ಇವ ನನ್ನ ಮಗ ಅಲ್ಲ," ಎಂದ ತೊಲಿಬಾಯ್.

ವೇದಿಕೆಯ ಮೇಲೆ ಧಣಿಯ ಪಕ್ಕದಲ್ಲಿದ್ದ ಎಸೆಂಗಲಿಯ ಕೈ ರೂಢಿಯಂತೆ ಟೊಪ್ಪಿಗೆ ಹೋಯಿತು. ಟೊಪ್ಪಿ ಮೇಲೆದ್ದಿತು. ತುಂಬಿದ ಸಭೆ ಚಟಚಟ ಚಪ್ಪಾಳೆ ತಟ್ಟಿತು. ಅಪ್ಪನ ಜೊತೆ ಗಾಡಿ ತಳ್ಳುವವರೂ ತಟ್ಟಿದರು. ಅವರಿಗೆ ಅದನ್ನು ಕಲಿಸಿದ ಮಹಾಗುರು ಅವನೇ ತಾನೆ! ಎತ್ತಿದ ಕೈ ಕೆಳಗಿಳಿಯಲಿಲ್ಲ, ಚಪ್ಪಾಳೆಯೂ ನಿಲ್ಲಲಿಲ್ಲ. ಆ ಸದ್ದಿನ ನಡುವೆ ಮುದುಕ ಇಳಿದುಹೋಗಿ ಬಾಗಿಲ ಬಳಿ ಕೂತು ಬೂಟಿಗೆ ಕಾಲು ತೂರಿಸತೊಡಗಿದ.

ಹೊಸ ಅಧ್ಯಕ್ಷನ ಮುಂದೆ ಹಬೆಯಾಡುವ ಕುರಿತಲೆಯ ತಟ್ಟೆ ಬಂತು, ಮೂತಿ ಅವನ ಕಡೆಗೇ.

"ಈಗ ಕೊಯ್ಯೋ," ಧಣಿ ಚೂರಿ ಚಾಚಿದ. "ಈಗ ನೀನು ತಬ್ಬಲಿ."

ಎಸೆಂಗಲಿ ಟೊಪ್ಪಿಯನ್ನು ತಲೆಗಿಟ್ಟು ಚೂರಿ ತೆಗೆದುಕೊಂಡ. ತಟ್ಟೆಯನ್ನೂ ಎತ್ತಿಕೊಂಡ. ಮೆಟ್ಟಿಲಿಳಿದು, ಜಮಖಾನೆಯ ಮೇಲೆ ಸಾರು ತುಳುಕಿಸುತ್ತ ಬಾಗಿಲವರೆಗೆ ನಡೆದು, ಒಂದೇ ಬೂಟು ಹಾಕಿಕೊಂಡಿದ್ದ ಮುದುಕನ ಮುಂದೆ ಮಂಡಿಯೂರಿದ.

"ಕೊಯ್ಯಪ್ಪ."

ಚಪ್ಪಾಳೆ ಸತ್ತಿತು. "ಲೇ, ಕುರ್ಚಿ ಹೋಯ್ತು ತಿಳ್ಕೊ!" ಧಣಿ ಅರಚಿದ.

ತೊಲಿಬಾಯ್ ಮಗನ ಮುಖ ನೋಡಿದ, ಚೂರಿ ನೋಡಿದ. ಒಂದು ಕಿವಿ ಕೊಯ್ದು ಅವನ ಬಾಯಿಗೆ ತುರುಕಿದ. ಕಿವಿ ಕೊಡುವುದು ಚಿಕ್ಕವರಿಗೆ, ಹಿರಿಯರ ಮಾತು ಕೇಳಲಿ ಎಂದು.

"ಇನ್ನಾದ್ರೂ ಕೇಳುಸ್ಕೊ, ಕತ್ತೆ."

ಮೆಲುಕು ಹಾಕುವ ಕತ್ತೆಯನ್ನು ಯಾರೂ ಕಂಡಿರಲಿಲ್ಲ, ಅಂದು ಕಂಡರು. ಮುದುಕ ಇನ್ನೊಂದು ಕಿವಿಯನ್ನೂ ಕೊಯ್ದು ಚೂರಿಯ ತುದಿಗೆ ಸಿಕ್ಕಿಸಿದ.

"ಇದು ಯಾರಿಗ್ಲಾ?"

ಎಸೆಂಗಲಿ ಅದನ್ನು ಅಂಗೈಯಲ್ಲಿ ಹಿಡಿದು ಎದ್ದ. ಟೊಪ್ಪಿ ಮುಟ್ಟಲಿಲ್ಲ. ಬೆರಳ ಸಂದಿನಿಂದ ಜಿಡ್ಡು ಸೋರಿಸುತ್ತ, ಕಲ್ಮೂರ್ಜಾ ಧಣಿಯ ಕಡೆಗೆ ಜಮಖಾನೆ ತುಳಿದುಕೊಂಡು ನಡೆದ. ಹಿಂದೆ ಗಾಡಿಯವರ ಸಾಲಿನಲ್ಲಿ, ಟೊಪ್ಪಿ ಏಳದೆಯೇ, ಯಾರೋ ಒಬ್ಬ ಚಪ್ಪಾಳೆ ತಟ್ಟಿದ.