ಪಥ್ಯ ಬಿಟ್ಟಿತು

ಕ್ಯಾಲನೂರಿನ ಮುನಿಯಲ್ಲಮ್ಮನ ಮನೆಯಲ್ಲಿ ಸೊಸೆ ಗಂಡನ ಪಕ್ಕ ಕೂತು ಉಂಡದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ಗಂಡಸರು, ಆಮೇಲೆ ಅತ್ತೆ, ಕಡೆಗೆ ಸೊಸೆ. ಸೊಸೆ ಆದಿಲಕ್ಷ್ಮಿಗೆ ಕಡೆಗೆ ಉಣ್ಣೋದರ ಮೇಲೆ ಸಿಟ್ಟಿರಲಿಲ್ಲ. ಗಂಡ ಚನ್ನರಾಯಪ್ಪನ ಪಕ್ಕ ಒಂದು ಹೊತ್ತು ಕೂರಬೇಕು, ಅವನು ಮುದ್ದೆ ಮುರಿಯುತ್ತಾ ಆಡೋ ಮಾತು ಕೇಳಬೇಕು, ಅಷ್ಟೇ ಅವಳ ಆಸೆ. ಅದನ್ನು ಬಾಯಿ ಬಿಟ್ಟು ಹೇಳಿದ್ದರೆ ಅತ್ತೆ ಊರಿಗೆಲ್ಲ ಡಂಗುರ ಹೊಡೆಸುತ್ತಿದ್ದಳು, ಬಿಡಿ.

ಜರ್ಮನಿ ಯುದ್ಧ ನಡೀತಿದ್ದ ಕಾಲದಲ್ಲಿ ಚನ್ನರಾಯಪ್ಪನ ಕಣ್ಣು ಹಳದಿಯಾಯಿತು. ವಕ್ಕಲೇರಿಯ ಆವಲಪ್ಪ ಕಾಮಾಲೆಗೆ ಮದ್ದು ಕೊಡೋದರಲ್ಲಿ ಕೈಗುಣದವನು. ನೆಲನೆಲ್ಲಿ ಅರೆದು ಮೇಕೆ ಹಾಲಲ್ಲಿ ಕುಡಿಸಿದ. ಉಪ್ಪು, ಖಾರ, ಎಣ್ಣೆ ಮುಟ್ಟಕೂಡದು ಅಂದ. ಕಾಯಿಲೆ ವಾಸಿಯಾದವರ ಪಥ್ಯವನ್ನು ಅವನೇ ಬಂದು ಬಿಡಿಸೋನು. ಅದಕ್ಕೇ ಆ ಸೀಮೆಯಲ್ಲಿ ಪಥ್ಯ ಬಿಟ್ಟಿತು ಅಂದರೆ ಕಾಯಿಲೆ ಬಿಟ್ಟಿತು ಅಂತಲೇ ಅರ್ಥ.

ಚನ್ನರಾಯಪ್ಪನ ಹಳದಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮಲ ಸುಣ್ಣದ ಬಣ್ಣ, ಮೈಯೆಲ್ಲ ಕೆರೆತ. ಕೆರೆದು ಕೆರೆದು ರಕ್ತ ಬರೋದು. ಕಡೆಗೆ ಆವಲಪ್ಪನೇ ಕೈ ಮುಗಿದ. "ಇದು ನನ್ನ ಮದ್ದಿಗೆ ಬಗ್ಗೋದಲ್ಲ ಕಣಮ್ಮ. ಕೋಲಾರದ ಆಸ್ಪತ್ರೆಗೆ ಕರ್ಕೊಂಡ್ಹೋಗಿ."

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಆಮೇಲೆ ಆದಿಲಕ್ಷ್ಮಿಯನ್ನು ಒಳಗೆ ಕರೆದರು.

"ಪಿತ್ತ ಹುಟ್ಟೋ ಈಲಿಯಿಂದ ಕರುಳಿಗೆ ಅದು ಇಳಿಯೋಕೆ ಒಂದು ಸಣ್ಣ ನಾಳ ಇದೆಯಮ್ಮ. ಅದರೊಳಗೇ ಗಡ್ಡೆ ಬೆಳೆದು ದಾರಿ ಕಟ್ಟಿದೆ. ಪಿತ್ತ ಹಿಂದಕ್ಕೆ ತಿರುಗಿ ರಕ್ತಕ್ಕೆ ಸೇರಿತು. ಹಳದಿ, ಕೆರೆತ ಎಲ್ಲ ಅದರಿಂದಲೇ."

"ಕೆರೆ ತೂಬು ಕಟ್ಕೊಂಡಂಗಾ ತಾಯಿ?"

"ಹಾಗೇ ಅಂದ್ಕೋ. ಪಿತ್ತಕ್ಕೆ ಬೇರೆ ದಾರಿ ಮಾಡಿ ಹೊಲಿದಿದ್ದೀನಿ. ಹಳದಿ ಇಳಿಯುತ್ತೆ, ಕೆರೆತ ನಿಲ್ಲುತ್ತೆ. ಆದ್ರೆ ಗಡ್ಡೆ ತೆಗೆಯೋಕಾಗಲಿಲ್ಲ, ಈಲಿಗೂ ಹಬ್ಬಿಬಿಟ್ಟಿದೆ. ಅದು ಕ್ಯಾನ್ಸರ್. ಅದಕ್ಕೆ ನಮ್ಮ ಹತ್ರ ಮದ್ದಿಲ್ಲ." ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. "ಯುಗಾದಿ ಕಂಡರೆ ದೊಡ್ಡದು. ನಿನ್ನ ಯಜಮಾನರಿಗೂ ಹೇಳಿದ್ದೀನಿ, ಅವರೇ ಕೇಳಿದರು." ಆಮೇಲೆ ಬಾಗಿಲು ತೆಗೆಯುತ್ತಾ ಅಂದರು, "ಪಥ್ಯ ಏನೂ ಬೇಡಮ್ಮ. ಆಸೆಪಟ್ಟದ್ದೆಲ್ಲ ಮಾಡಿಕೊಡು."

ಬಾಗಿಲಾಚೆ ಕೂತಿದ್ದ ಮುನಿಯಲ್ಲಮ್ಮನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ.

"ಪಥ್ಯ ಬಿಟ್ಟಿತಾ! ನಮ್ಮಪ್ಪ ಮುನೇಶ್ವರ, ಕಣ್ಬಿಟ್ಟೆಯಲ್ಲೋ!"

ಅತ್ತೆ ಸೊಸೆಯನ್ನು ತಬ್ಬಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಬ್ಬಿದವಳಲ್ಲ. ಆದಿಲಕ್ಷ್ಮಿ ಯಾವ ಬಾಯಲ್ಲಿ ನಿಜ ಹೇಳುತ್ತಾಳೆ?

ಊರಿಗೆ ಬಂದ ಮೇಲೆ ಹಳದಿ ನಿಜವಾಗಿಯೂ ಇಳಿಯಿತು. ಅತ್ತೆ ಕಂಡಕಂಡವರಿಗೆ, "ಮಳೆ ಬಿದ್ದರೆ ನೇಗಿಲು ಹಿಡೀತಾನೆ ನನ್ನ ಮಗ" ಅಂತ ಬೀಗುತ್ತಿದ್ದಳು. ಚನ್ನರಾಯಪ್ಪ ಹಿತ್ತಲಲ್ಲಿ ಹೆಂಡತಿಗೆ ಮೆಲ್ಲಗೆ ಹೇಳಿದ, "ಅವ್ವನಿಗೆ ಹೇಳಬೇಡ ಕಣೇ. ಅವಳ ಸಂತೋಷ ನಾಕು ದಿನ ಇರ್ಲಿ." ಅವಳು ಹೂಂ ಅಂದಳು. ಅವನು ಜಗುಲಿಯ ಮೇಲೇ ಕೂತಿರುತ್ತಿದ್ದ, ಕೂಗಿದರೆ ಓ ಅನ್ನುತ್ತಿದ್ದ. ಆದರೂ ಒಲೆ ಮುಂದಿನಿಂದ ಎದ್ದೆದ್ದು ಹೋಗಿ ಅವನನ್ನು ನೋಡಿ ಬರುತ್ತಿದ್ದಳು. ಹತ್ತಿರವೇ ಇರೋ ಗಂಡನನ್ನು ಹೀಗೆ ಹಂಬಲಿಸೋ ಕರ್ಮ ಯಾವ ಹೆಂಗಸಿಗೂ ಬೇಡಪ್ಪ.

ಅವರೆಕಾಯಿ ಕಾಲ ಬಂತು. ಮುನಿಯಲ್ಲಮ್ಮ ತಾನೇ ಕಾಳು ಹಿತುಕಿ ಸಾರು ಮಾಡಿ ಮಗನಿಗೆ ಬಡಿಸಿದಳು. ಅವನು ಎರಡು ತುತ್ತಿಗೇ ಉಣ್ಣೋದು ನಿಲ್ಲಿಸಿದ. ಅವನ ಉಡಿದಾರ ಸಡಿಲವಾಗಿ ಜಾರಿತ್ತು. ಅತ್ತೆ ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ಆಗ ಅವನು ತಾಯಿಯ ಎದುರಿಗೇ, "ಲಕ್ಷ್ಮೀ, ಬಾ ಇಲ್ಲಿ, ನನ್ನ ಪಕ್ಕ ಕೂತ್ಕೊಂಡು ಉಣ್ಣು" ಅಂದ.

ಈಗ ಅತ್ತೆ ಸಿಡಿಯುತ್ತಾಳೆ, ನಾಚಿಕೆಗೆಟ್ಟವಳೇ ಅಂತಾಳೆ ಅಂತ ಆದಿಲಕ್ಷ್ಮಿ ತಲೆ ತಗ್ಗಿಸಿ ಕಾದಳು.

ಮುನಿಯಲ್ಲಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಮಗನ ತಟ್ಟೆಯ ಪಕ್ಕ ಇಟ್ಟಳು. "ಕೂತ್ಕೊಳೇ. ಹೆತ್ತೋಳಿಗೆ ಯಾರಾದ್ರೂ ಬಂದು ಹೇಳಬೇಕೇನೇ? ನಾನು ಬಡಿಸ್ತೀನಿ."

ಆದಿಲಕ್ಷ್ಮಿ ಕೂರಲಿಲ್ಲ. ಅತ್ತೆಯ ಕೈಯಲ್ಲಿದ್ದ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳತೊಡಗಿದಳು.

"ಬೈದ್ಬಿಡಿ ಅತ್ತೆ," ಅಂದಳು. "ಮುಂಚಿನಂಗೆ ಒಂದ್ಸಲ ಬೈದ್ಬಿಡಿ."